ಎರಡು ಕಷ್ಟ ಕೂಡಿದರೆ ಎಷ್ಟು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ತಂಗಿಯ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ತಾನು ಗೇ, ಅಂದರೆ ಗಂಡಸರನ್ನೇ ಪ್ರೀತಿಸುವವನು ಎಂದು ನನಗೊಬ್ಬನಿಗೇ ಹೇಳಿದ್ದಾನೆ. ‘ಕನ್ನಡ ಕೂಟದಲ್ಲಿ ಅದನ್ನು ಮುಚ್ಚಿಡಬೇಕು ಮಾವ, ಗೇ ಗೆಳೆಯರ ನಡುವೆ ನನ್ನ ಬಣ್ಣ ಮುಚ್ಚಿಡೋಕಾಗಲ್ಲ’ ಅಂತಾನೆ. ಕಷ್ಟ ಎರಡು ಪಟ್ಟಾದರೆ ಮನಸ್ಸಿನ ಕಾಯಿಲೆಯೂ ಎರಡು ಪಟ್ಟು ಅಲ್ವಾ? ಯುಗಾದಿಗಾದರೂ ಕೂಟಕ್ಕೆ ಹೋಗು ಎನ್ನಲೇ?”

ಸ್ವಾಮಿ, ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಲೆಕ್ಕ ಸರಿಯಿಲ್ಲ. ಸಂಶೋಧಕರೂ ಮೊದಲು ಇದೇ ಲೆಕ್ಕ ಹಾಕಿದ್ದರು.

ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ಹೇಳಿದ್ದು ಇಷ್ಟು: ಗೇ ಆಗಿರುವುದು ಕಾಯಿಲೆಯಲ್ಲ, ಕೀಳಾಗಿ ಕಾಣುವ ಜನರ ನಡುವೆ ದಿನಾ ಬದುಕುವ ಒತ್ತಡ ಕಾಯಿಲೆ ತರುತ್ತದೆ. ಹಾಗಿದ್ದರೆ ಗೇ ಆಗಿದ್ದು ಜನಾಂಗದ್ವೇಷವನ್ನೂ ಎದುರಿಸುವ ಬಿಳಿಯರಲ್ಲದವರಿಗೆ ಇನ್ನೂ ಜಾಸ್ತಿ ಕಾಯಿಲೆ ಇರಬೇಕು. (ಇವರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಪೀಪಲ್ ಆಫ್ ಕಲರ್’ ಅನ್ನು ‘ಬಣ್ಣದವರು’ ಎಂದರೆ ನಮಗೆ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತದೆ, ಅದಕ್ಕೇ ಹೀಗೆ ಬರೆದೆ.) 2008ರಲ್ಲಿ ಮೇಯರ್ ಮತ್ತು ಜೊತೆಗಾರರು ನ್ಯೂಯಾರ್ಕ್‌ನ 388 ಜನರ ಅಧ್ಯಯನ ಪ್ರಕಟಿಸಿದರು. ಕಪ್ಪು ಜನಾಂಗದ ಗೇ, ಲೆಸ್ಬಿಯನ್ (ಹೆಂಗಸರನ್ನೇ ಪ್ರೀತಿಸುವ ಹೆಂಗಸರು), ಬೈಸೆಕ್ಷುಯಲ್ (ಇಬ್ಬರನ್ನೂ ಪ್ರೀತಿಸುವವರು) ಜನರಲ್ಲಿ ಮನೋರೋಗ ಬಿಳಿಯರಿಗಿಂತ ಕಡಿಮೆಯಿತ್ತು! ಚಿಕ್ಕಂದಿನಿಂದ ಜನಾಂಗದ್ವೇಷ ಕಂಡವರು ಅದನ್ನು ಎದುರಿಸುವುದನ್ನು ಮನೆಯಲ್ಲೇ ಕಲಿತಿರುತ್ತಾರೆ ಅನ್ನುವುದು ಒಂದು ವಿವರಣೆ. ಹಾಗಂತ ನಿಶ್ಚಿಂತೆಯಿಂದ ಇರುವಂತಿಲ್ಲ. ಅದೇ ಅಧ್ಯಯನದಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನರಲ್ಲಿ ಆತ್ಮಹತ್ಯೆಯ ಯತ್ನ ಹೆಚ್ಚಿತ್ತು. ರೋಗದ ಪಟ್ಟಿ ಒಂದು ಕತೆ ಹೇಳಿದರೆ ನೋವು ಇನ್ನೊಂದು ಹೇಳುತ್ತಿತ್ತು.

ಅದೇ ವರ್ಷ ಲೀಸಾ ಬೋಲೆಗ್ ಎಂಬ ಸಂಶೋಧಕಿ ತಮ್ಮದೇ ಅಧ್ಯಯನದ ಪ್ರಶ್ನೆಗಳಲ್ಲಿ ತಪ್ಪು ಹುಡುಕಿದರು. ಕಪ್ಪು ಲೆಸ್ಬಿಯನ್ ಹೆಂಗಸರ ಮುಂದೆ ಜನಾಂಗ ಬೇರೆ, ಹೆಣ್ತನ ಬೇರೆ, ಲೈಂಗಿಕತೆ ಬೇರೆ ಎಂದು ಬಿಡಿಬಿಡಿಯಾಗಿ ಕೇಳಿದರೆ ಉತ್ತರವೂ ಕೂಡುವ ಲೆಕ್ಕದ್ದೇ ಬರುತ್ತದೆ. ಬದುಕಿನಲ್ಲಿ ಅವು ಮೊಸರನ್ನದ ಹಾಗೆ. ಕಲಸಿದ ಮೇಲೆ ಬೇರ್ಪಡಿಸಿ ಅಂದರೆ ಹೇಗೆ?

ನಿಮ್ಮ ಹುಡುಗನ ಮಾತಿಗೆ ತೀರ ಹತ್ತಿರದ್ದು 2011ರ ಒಂದು ಪ್ರಶ್ನಾವಳಿ. ಕಿಂಬರ್ಲಿ ಬಾಲ್ಸಮ್ ಮತ್ತು ಜೊತೆಗಾರರು ಮಾಡಿದ್ದು, 18 ಅಂಶ, ಮೂರು ಭಾಗ. ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್) ಬಳಗದೊಳಗಿನ ಜನಾಂಗದ್ವೇಷ ಒಂದು. ಎಲ್‌ಜಿಬಿಟಿ ಅನ್ನುವ ಕಾರಣಕ್ಕೆ ಸ್ವಂತ ಜನಾಂಗದವರು ತೋರುವ ಅಸಹನೆ ಎರಡನೆಯದು. ಪ್ರೀತಿ, ಡೇಟಿಂಗ್‌ನಲ್ಲಿ ಬಣ್ಣ ನೋಡುವುದು ಮೂರನೆಯದು. ‘ಬಿಳಿಯರು ಮಾತ್ರ’ ಎಂಬ ಜಾಹೀರಾತು ಓದಿದ್ದೀರಾ ಅಂತಲೂ ಕೇಳುತ್ತಾರೆ. ನನಗೆ ಹಿಡಿಸಿದ್ದು ಅಂಕ ಕೊಡುವ ರೀತಿ. ಹಾಗೆ ಆಗಿಯೇ ಇಲ್ಲವಾದರೆ 0. ಆಯ್ತು, ಆದರೆ ಏನೂ ಅನ್ನಿಸಲಿಲ್ಲ ಅಂದರೆ 1. ತುಂಬಾ ನೋಯಿತು ಅಂದರೆ 5. ಎಷ್ಟು ಸಲ ಆಯ್ತು ಅಂತಲ್ಲ, ಎಷ್ಟು ಚುಚ್ಚಿತು ಅಂತ ಕೇಳುತ್ತಾರೆ. ಆ ಅಧ್ಯಯನದಲ್ಲಿ ಏಷ್ಯನ್ ಮೂಲದವರ ಅಂಕ ಕಪ್ಪು ಜನರಿಗಿಂತಲೂ ಲ್ಯಾಟಿನೊಗಳಿಗಿಂತಲೂ ಮೇಲಿತ್ತು. ನಿಮ್ಮ ಹುಡುಗ ಸುಮ್ನೆ ಗೊಣಗುತ್ತಿಲ್ಲ.

ಇನ್ನು ಯುಗಾದಿ. ಹೋಗು ಎಂದು ನೀವಾಗಿ ಹೇಳಬೇಡಿ. ಹೋದರೆ ಹೋಳಿಗೆ ಸಿಗುತ್ತದೆ, ಅದರ ಜೊತೆಗೇ “ಮದುವೆ ಯಾವಾಗಪ್ಪಾ?” ಕೂಡ. ಅದಕ್ಕೆ ಅವನು ಎಷ್ಟು ಅಂಕ ಕೊಡ್ತಾನೆ ಎಂದು ಮೊದಲು ಕೇಳಿ. ಅವನಿರುವ ರಾಜ್ಯದಲ್ಲೇ, ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ ದಕ್ಷಿಣ ಏಷ್ಯಾದ ಗೇ, ಲೆಸ್ಬಿಯನ್ ಜನ 1986ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಹೆಸರು ತ್ರಿಕೋನ್, ನಮ್ಮ ತ್ರಿಕೋನವೇ. ಫೋನಿನಲ್ಲಿ ಅದನ್ನೂ ಹೇಳಿ ನೋಡಿ. ಅವನಿಗೆ ಆಗಲೇ ಗೊತ್ತಿದ್ದರೆ, ಮಾವನಿಗೂ ಗೊತ್ತು ಅನ್ನುವುದು ಅವನಿಗೆ ಹೊಸ ಸುದ್ದಿ.