ಅಪ್ಪ ಹೋಗಿ ನಾಲ್ಕು ತಿಂಗಳಾಯಿತು. ಈಗ ದುಃಖ ಇನ್ನೂ ಜಾಸ್ತಿಯಾಗುತ್ತಿದೆ, ಏನು ಮಾಡಲಿ?

ನಿದ್ದೆ ಬರುತ್ತಿಲ್ಲ, ಆಫೀಸಿನಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಅಮ್ಮನ ಎದುರು ಅಳುವ ಹಾಗಿಲ್ಲ, ಆಸ್ಪತ್ರೆಗೆ ಇನ್ನೂ ಬೇಗ ಒಯ್ಯಬೇಕಿತ್ತು ಅಂತ ಮನಸ್ಸು ಕೊರೆಯುತ್ತದೆ ಎಂದು ಬರೆದಿದ್ದೀರಿ. ಎಲ್ಲರೂ 'ಗಟ್ಟಿಯಾಗಿರು, ಇನ್ಮೇಲೆ ಮನೆಗೆ ನೀನೇ ದಿಕ್ಕು' ಅನ್ನುತ್ತಾರೆ ಅಂತಲೂ ಹೇಳಿದ್ದೀರಿ. ಓದುವಾಗ ನನಗೆ ನಮ್ಮಪ್ಪ ಹೋದ 2017 ನೆನಪಾಯಿತು. ನಾಲ್ಕು ತಿಂಗಳ ಮೇಲೆ ದುಃಖ ಹೆಚ್ಚಾಯಿತು ಅಂತ ಗಾಬರಿ ಆಗಬೇಡಿ. ನನಗೂ ಹಾಗೇ ಆಗಿತ್ತು.

ನಮ್ಮೂರು ಗದಗ. ಅಪ್ಪ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಂಗ್ ಮಾಡುತ್ತಿದ್ದರು. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದೇ ಆರಿಸಿ ಸಾಲು ಜೋಡಿಸುವ ಕೆಲಸ. ನಾನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೆ. ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ ಪಕ್ಕದ ಮನೆಯವರ ಫೋನ್ ಬಂತು. ಸಿಕ್ಕ ರೈಲು ಹತ್ತಿ ಹೋದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊದಲ ಹತ್ತು ಹನ್ನೊಂದು ದಿನ ಮನೆ ತುಂಬ ಮಂದಿ. ಬೀಗರು ಬುತ್ತಿ ಕಟ್ಟಿಕೊಂಡು ಬಂದರು. ಮಾತಾಡಿಸಲು ಬಂದವರಿಗೆಲ್ಲ ಅದೇ ಸಂಗತಿ ಹೇಳಿದೆ. ಎಷ್ಟು ಗಂಟೆಗೆ ಎದೆ ಹಿಡಿಯಿತು, ಯಾರು ಗಾಡಿ ತಂದರು, ಡಾಕ್ಟರು ಏನಂದರು. ಆಮೇಲೆ ಕಾಗದಪತ್ರ ಶುರುವಾಯಿತು. ಮರಣದ ದಾಖಲೆ, ಬ್ಯಾಂಕು, ಹೊಲದ ವಾರಸಾ. ಓಡಾಟದಲ್ಲಿ ಅಳಲಿಕ್ಕೂ ಪುರುಸೊತ್ತಿರಲಿಲ್ಲ. ಮೂರ್ನಾಲ್ಕು ತಿಂಗಳಿಗೆ ಓಡಾಟ ಮುಗಿಯಿತು, ಬರುವವರು ನಿಂತರು, ಫೋನುಗಳು ನಿಂತವು. ಅಪ್ಪ ಇಲ್ಲ ಅನ್ನುವುದು ನನಗೆ ನಿಜವಾಗಿ ತಿಳಿದದ್ದು ಆಗಲೇ. ನಿಮಗೂ ಈಗ ಅದೇ ಆಗುತ್ತಿರಬಹುದು.

ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅಚ್ಚು ಹಾಕಿದಂಥ ಅಕ್ಷರ. ನವೆಂಬರ್ ಬಂದರೂ ಅದು ಆಗಸ್ಟಿನಲ್ಲೇ ನಿಂತಿತ್ತು. ನೋಡಿ ನೋಡಿ ಅವ್ವನಿಗೆ ಸಂಕಟವಾಗುತ್ತದೆ ಅಂದುಕೊಂಡು, ಒಂದು ಶನಿವಾರ ಊರಿಗೆ ಹೋದಾಗ ತೆಗೆದು ಟ್ರಂಕಿನಲ್ಲಿಟ್ಟೆ. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಎಚ್ಚರವಾಗಿ ನೋಡಿದರೆ, ಟ್ರಂಕು ತೆರೆದು ಕೂತು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

ಹೋಗಿ ಪಕ್ಕದಲ್ಲಿ ಕೂತೆ. "ನಾ ಅತ್ತರ ನಿನಗ ತ್ರಾಸ ಆಗ್ತೈತಿ ಅಂತ ಸುಮ್ನಿದ್ದೆ" ಅಂದಳು. ನಾನೂ ಅದಕ್ಕೇ ಸುಮ್ಮನಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿ ಇದ್ದೇವೆ ಅಂತ ತೋರಿಸುತ್ತ ಮೂರು ತಿಂಗಳು ಒಂಟಿಯಾಗಿ ಕಳೆದಿದ್ದೆವು. ಆ ರಾತ್ರಿ ಬಹಳ ಹೊತ್ತು ಅತ್ತೆವು. ಆಮೇಲೆ ಅವ್ವ ಚಹಾ ಇಟ್ಟಳು. ಮದುವೆಯಾದ ಹೊಸದರಲ್ಲಿ ಅಪ್ಪ ಅವಳ ಹೆಸರಿನ ಮೊದಲ ಅಕ್ಷರದ ಹಳೆ ಮೊಳೆಯೊಂದನ್ನು ತಂದು ಕೊಟ್ಟಿದ್ದರಂತೆ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದಲ್ಲ, ಇವಳು 'ಇದು ತಪ್ಪೈತಿ' ಅಂದಳಂತೆ. ಅಪ್ಪ ಮಸಿ ಹಚ್ಚಿ ಅವಳ ಅಂಗೈಗೆ ಒತ್ತಿ ತೋರಿಸಿದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಅಷ್ಟು ದಿನ ನಾವು ಮಾತಾಡಿದ್ದು ಅಪ್ಪನ ಸಾವಿನ ಬಗ್ಗೆ. ಅಪ್ಪನ ಬಗ್ಗೆ ಮಾತಾಡಿದ್ದು ಅದೇ ಮೊದಲು. ಬೆಳಿಗ್ಗೆ ಕ್ಯಾಲೆಂಡರ್ ಮತ್ತೆ ಗೋಡೆಗೆ ಹೋಯಿತು.

ಅದಕ್ಕೇ ಹೇಳುತ್ತೇನೆ, ಅಮ್ಮನ ಎದುರು ಅಳು ಬಂದರೆ ತಡೆಯಬೇಡಿ. 'ಹೇಗಿದ್ದೀಯಾ' ಅಂತ ಕೇಳಿದರೆ ಅವರು 'ಚೆನ್ನಾಗಿದ್ದೇನೆ' ಅಂದುಬಿಡುತ್ತಾರೆ. ಅಪ್ಪನ ಯಾವುದಾದರೂ ಸಣ್ಣ ಸಂಗತಿ ಕೇಳಿ.

ಆಸ್ಪತ್ರೆಯ ವಿಷಯ. ಹಿಂದಿನ ರಾತ್ರಿ ಅಪ್ಪ ಫೋನಿನಲ್ಲಿ ಎದೆ ಉರಿ ಅಂದಿದ್ದರು. 'ಗುಳಿಗೆ ತಗೊಂಡು ಮಲಗಿ' ಅಂದಿದ್ದೆ. ಈ ಮಾತನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಒಬ್ಬ ಆಪ್ತಸಮಾಲೋಚಕರ ಎದುರು ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. "ಆ ರಾತ್ರಿ ನಿಮಗೆ ಏನು ಗೊತ್ತಿತ್ತು?" ಅಂತಷ್ಟೇ ಕೇಳಿದರು. ಎದೆ ಉರಿ ಅಂತ ಮಾತ್ರ ಗೊತ್ತಿತ್ತು. ಅಪ್ಪನಿಗೆ ಅದು ತಿಂಗಳಿಗೆ ಎರಡು ಸಲ ಬರುತ್ತಿತ್ತು. ಬೆಳಿಗ್ಗೆ ತಿಳಿದದ್ದನ್ನು ಹಿಂದಿನ ರಾತ್ರಿಯೇ ತಿಳಿದಿರಬೇಕಿತ್ತು ಅಂತ ನನ್ನನ್ನು ನಾನೇ ಶಿಕ್ಷಿಸುತ್ತಿದ್ದೆ. ಆ ನೋವು ಪೂರ್ತಿ ಹೋಗಿಲ್ಲ, ಈಗಲೂ ಕೆಲವು ರಾತ್ರಿ ಬರುತ್ತದೆ. ಆದರೆ ಮೊದಲಿನಂತೆ ಉಸಿರು ಕಟ್ಟಿಸುವುದಿಲ್ಲ. ನೀವೂ ಅದೇ ಪ್ರಶ್ನೆ ಕೇಳಿಕೊಳ್ಳಿ, ಪ್ರಾಮಾಣಿಕವಾಗಿ.

ದೇಹವನ್ನೂ ಮರೆಯಬೇಡಿ. ಒಮ್ಮೆ ರೈಲಿನಲ್ಲಿ ನನಗೆ ಎದೆ ಬಿಗಿದು, ಅಪ್ಪನ ಹಾಗೇ ಆಗುತ್ತಿದೆ ಅನಿಸಿತು. ಇಸಿಜಿ ಸರಿ ಇತ್ತು. ದುಃಖದಲ್ಲಿ ದೇಹ ಸದಾ ಅಪಾಯ ಬಂದಂತೆ ಎಚ್ಚರದಲ್ಲೇ ಇರುತ್ತದೆ, ಅದಕ್ಕೇ ನಿದ್ದೆ ಒಡೆಯುವುದು, ಎದೆ ಬಡಿತ, ಮರೆವು, ಸಿಟ್ಟು ಎಂದು ಡಾಕ್ಟರು ವಿವರಿಸಿದರು. ಆದರೂ ಎದೆನೋವು ಬಂದರೆ 'ಟೆನ್ಶನ್ ಇರಬೇಕು' ಅಂತ ನೀವೇ ತೀರ್ಮಾನಿಸಬೇಡಿ, ತೋರಿಸಿ. ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆಯ ಸುತ್ತ ನಡೆಯುವುದು ನನಗೆ ಒಗ್ಗಿತು. ಆಫೀಸಿನಲ್ಲಿ ಮೇಲಿನವರಿಗೂ 'ಮನಸ್ಸು ಇನ್ನೂ ಸರಿಯಾಗಿಲ್ಲ, ಸ್ವಲ್ಪ ಸಂಭಾಳಿಸಿ' ಅಂತ ಒಂದು ಮಾತು ಹೇಳಿಬಿಡಿ.

ದುಃಖಕ್ಕೆ ಐದು ಹಂತ ಅಂತ ವಾಟ್ಸಾಪಿನಲ್ಲಿ ನಿಮಗೂ ಬಂದಿರಬೇಕು. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಹೇಳಿದ್ದು ಅದು. ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ ಕಂಡುಕೊಂಡದ್ದು. ಎಲ್ಲರೂ ಅದೇ ಕ್ರಮದಲ್ಲಿ ಹೋಗಬೇಕು ಅಂತೇನಿಲ್ಲ. ನನಗೆ ಹೆಚ್ಚು ನಿಜ ಅನಿಸಿದ್ದು ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಮುಂದಿಟ್ಟ ವಿಚಾರ. ದುಃಖದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆ, ಒಮ್ಮೆ ಬದುಕಿನ ಕಡೆ ತೂಗಾಡುತ್ತಲೇ ಇರುತ್ತಾರಂತೆ, ಎರಡೂ ಬೇಕಂತೆ. ಗೆಳೆಯನ ಮದುವೆಯಲ್ಲಿ ನಕ್ಕು, ಮನೆಗೆ ಬಂದು ಅಪರಾಧಿಯಂತೆ ಕೂತಿದ್ದ ನನಗೆ ಇದು ದೊಡ್ಡ ಆಸರೆಯಾಯಿತು. ನಗು ಬಂದರೆ ನಕ್ಕುಬಿಡಿ. ಅಪ್ಪನನ್ನು ಮರೆತ ಹಾಗಲ್ಲ.

ಆದರೆ ಊಟ ಸೇರದಿದ್ದರೆ, ಕುಡಿತ ಹೆಚ್ಚಾದರೆ, ಆರು ತಿಂಗಳು ವರ್ಷ ಕಳೆದರೂ ಮೊದಲ ದಿನದಷ್ಟೇ ತೀವ್ರವಾಗಿದ್ದು ಕೆಲಸ ಕಾರ್ಯವೇ ಆಗದಿದ್ದರೆ ಸಹಾಯ ಪಡೆಯಿರಿ. ಅಪ್ಪನ ಹಿಂದೆ ನಾನೂ ಹೋಗಿಬಿಡಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ, ಆ ಹೊತ್ತಿಗೇ ಯಾರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅಂತ ನಾನು ತಿಂಗಳುಗಟ್ಟಲೆ ಹಿಂಜರಿದೆ. ಆ ತಿಂಗಳುಗಳನ್ನು ಸುಮ್ನೆ ನರಳಿದೆ, ನೀವು ಹಾಗೆ ಮಾಡಬೇಡಿ.

ಒಂದು ಮಾತು ಕೇಳಲೇ? ನಿಮ್ಮ ಪ್ರಶ್ನೆಯಲ್ಲಿ ಅಪ್ಪನ ಕಾಯಿಲೆ ಇದೆ, ಆಸ್ಪತ್ರೆ ಇದೆ, ಕೊನೆಯ ದಿನ ಇದೆ. ಅಪ್ಪ ಇಲ್ಲ. ಅವರು ಏನು ಕೆಲಸ ಮಾಡುತ್ತಿದ್ದರು? ನಿಮ್ಮನ್ನು ಏನಂತ ಕರೆಯುತ್ತಿದ್ದರು? ಮನಸ್ಸಾದಾಗ ಕೆಳಗೆ ಬರೆಯಿರಿ, ಓದುತ್ತೇನೆ.