ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಏನು ಕಂಡುಹಿಡಿದರು?

ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಅನ್ನೋದನ್ನು. ದ್ರವ ಸ್ಫಟಿಕ ಅಂದರೆ ಹರಿಯುವ ಗುಣವಿದ್ದೂ ಅಣುಗಳು ಒಂದು ಶಿಸ್ತಿನಲ್ಲಿರುವ ವಸ್ತು. (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳೇ, ಹಾಗಾಗಿ ಗೊಂದಲ ಜಾಸ್ತಿ.)

1961ರಲ್ಲಿ ಇವರು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. ದ್ರವ ಸ್ಫಟಿಕದ ಕೆಲಸ ಬೇರೂರಿದ್ದು ಇಲ್ಲೇ, ಇದನ್ನು ಮೈಸೂರಿನವರು ಮರೆಯಬಾರದು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಬಿಲ್ಲೆ ಅಣುಗಳ ಫಲಿತಾಂಶವನ್ನು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆ 1977ರಲ್ಲಿ ಪ್ರಕಟಿಸಿದರು.

ಅದುವರೆಗೆ ಕಾಯಿಸಿದಾಗ ದ್ರವ ಸ್ಫಟಿಕವಾಗಲು ಉದ್ದನೆಯ ಕಡ್ಡಿಯಂಥ ಅಣುಗಳೇ ಬೇಕು ಅನ್ನೋ ನಂಬಿಕೆ ಇತ್ತು. ಇವರು ತೆಗೆದುಕೊಂಡ ಅಣುವಿನ ನಡುವೆ ಚಪ್ಪಟೆಯಾದ ಗಟ್ಟಿ ಬೆಂಜೀನ್ ಉಂಗುರ, ಸುತ್ತ ಆರು ಮೆತ್ತನೆಯ ಬಾಲಗಳು. ಬಿಸಿ ಏರಿದಾಗ ಮೊದಲು ಸಡಿಲವಾಗುವುದು ಬಾಲಗಳು. ನಡುವಿನ ಉಂಗುರಗಳು ಮಾತ್ರ ನಾಣ್ಯ ಪೇರಿಸಿಟ್ಟಂತೆ ಕಂಬಗಳಾಗಿ ನಿಲ್ಲುತ್ತವೆ. ಕಂಬಗಳ ಸಾಲು ಕ್ರಮವಾಗಿರುತ್ತದೆ. ಆದರೆ ಒಂದೇ ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರ ಸ್ಥಿರವಲ್ಲ, ಅದಕ್ಕೇ ಅದು ಪೂರ್ತಿ ಘನವಲ್ಲ.

ಮುಂದೆ ಇಂಥ ಅಣುಗಳ ತೆಳು ಪದರವನ್ನು ಎಲ್‌ಸಿಡಿ ಪರದೆಗಳಿಗೆ ಹಾಕಿದರು. ಪಕ್ಕದಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣಲು ಅದು ನೆರವಾಯಿತು.