ಓದುಗರ ಪ್ರಶ್ನೆ: ಕ್ಲಚ್ ಬದಲಿಸುವಾಗ ಫ್ಲೈವೀಲ್‌ಗೆ ಫೇಸಿಂಗ್ ಸಾಕೇ, ಹೊಸದೇ ಬೇಕೇ?

ಪ್ರಶ್ನೆ: ನಮ್ಮದು ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಸುಗ್ಗಿಯಲ್ಲಿ ಗದ್ದೆಯಿಂದ ಭತ್ತದ ಚೀಲಗಳನ್ನು ತುಂಬಿಕೊಂಡು, ಕಾಲುವೆಯ ಏರಿ ಹತ್ತಿ, ರೈಸ್ ಮಿಲ್ಲಿಗೆ ಸಾಗಿಸುತ್ತೇವೆ. ಕ್ಲಚ್ ಸ್ಲಿಪ್ ಆಗತೊಡಗಿದ್ದರಿಂದ ಗೇರ್ ಬಾಕ್ಸ್ ಇಳಿಸಿ ನೋಡಿದೆವು. ಪ್ಲೇಟು ಸವೆದು ರಿವೆಟ್‌ಗಳು ತಾಗಿ ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರವಾದ ಫ್ಲೈವೀಲ್ ಮೇಲೆ ಗೀರುಗಳು ಬಿದ್ದಿವೆ. ಅಲ್ಲಲ್ಲಿ ನೀಲಿ ಕಲೆಗಳೂ ಕೂದಲೆಳೆಯಂಥ ಬಿರುಕುಗಳೂ ಕಾಣುತ್ತವೆ. ಈ ಸಲ ಹೆವಿ ಡ್ಯೂಟಿ ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಭಾಗ) ಜೊತೆ, ಸಾಮಾನ್ಯ ಲೈನಿಂಗಿನ ಬದಲು ಸೆರಾಮಿಕ್ ಬಿಲ್ಲೆಗಳಿರುವ ಸೆರಾಮಿಕ್ ಬಟನ್ ಪ್ಲೇಟ್ ಹಾಕಿಸಬೇಕೆಂದಿದ್ದೇವೆ. ಲೇತಿನವರು ಫೇಸಿಂಗ್ (ಮೇಲ್ಮೈಯನ್ನು ತೆಳುವಾಗಿ ಕತ್ತರಿಸಿ ಸಮ ಮಾಡುವುದು) ಮಾಡಿದರೆ ಸಾಕೆನ್ನುತ್ತಾರೆ, ಬಿಡಿಭಾಗದ ಅಂಗಡಿಯವರು ಹೊಸ ಫ್ಲೈವೀಲ್ ಬೇಕೇ ಬೇಕೆನ್ನುತ್ತಾರೆ. ಫೇಸಿಂಗ್ ಮಾಡಿಸಿದರೆ ಫ್ಲೈವೀಲ್ ಹಗುರಾಗಿ ಗಾಡಿಯ ಎಳೆತ ಕುಗ್ಗುತ್ತದೆಂಬ ಭಯವೂ ನಮಗಿದೆ. ಯಾರ ಮಾತು ಸರಿ?
— ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಇಬ್ಬರೂ ಫ್ಲೈವೀಲನ್ನು ಅಳೆಯುವುದಕ್ಕೆ ಮೊದಲೇ ತೀರ್ಪು ಕೊಟ್ಟಿದ್ದಾರೆ. ನಿಮ್ಮ ಪಿಕಪ್ಪಿನಲ್ಲಿರುವಂಥ ಒಂದೇ ತುಂಡಿನ ಬೀಡುಕಬ್ಬಿಣದ ಫ್ಲೈವೀಲು ಕ್ಲಚ್ ಪ್ಲೇಟಿನ ಹಾಗೆ ಸವೆದಾಗಲೆಲ್ಲ ಎಸೆಯುವ ವಸ್ತುವಲ್ಲ. ತಯಾರಕರ ಸರ್ವಿಸ್ ಪುಸ್ತಕದಲ್ಲಿ ಅದರ ಕನಿಷ್ಠ ದಪ್ಪವನ್ನು ಕೊಟ್ಟಿದ್ದರೆ, ಆ ಮಿತಿಯೊಳಗೆ ಮಾಡಿಸುವ ಫೇಸಿಂಗ್ ಹಣ ಉಳಿಸುವ ಅಡ್ಡದಾರಿಯಲ್ಲ, ಸರಿಯಾದ ದುರಸ್ತಿಯೇ ಆಗಿದೆ. ಆದರೆ ನೀವು ಬರೆದಿರುವ ಗೀರು, ನೀಲಿ ಕಲೆ, ಬಿರುಕು ಈ ಮೂರೂ ಬೇರೆ ಬೇರೆ ದೋಷಗಳು. ಇವನ್ನು ಒಂದೇ ಕಣ್ಣಿನಿಂದ ನೋಡಬಾರದು.

ಗೀರುಗಳ ವಿಷಯ ಸುಲಭ. ಅವು ಮೇಲ್ಮೈಯ ಗಾಯಗಳು. ಮಿತಿಯೊಳಗಿನ ಫೇಸಿಂಗ್‌ನಲ್ಲಿ ಹೋಗುವಷ್ಟು ಆಳವಿದ್ದರೆ ಚಿಂತೆಯಿಲ್ಲ.

ನೀಲಿ ಕಲೆಗಳಲ್ಲಿ ಎರಡು ಬಗೆಯಿವೆ, ಮತ್ತು ಹೆಚ್ಚಿನ ಗ್ಯಾರೇಜುಗಳಲ್ಲಿ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಕಬ್ಬಿಣ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದಾಗಲೇ ಅದರ ಮೇಲೆ ನೀಲಿ ಬಣ್ಣದ ತೆಳುವಾದ ಆಕ್ಸೈಡ್ ಪೊರೆ ಮೂಡುತ್ತದೆ. ಬರೀ ಪೊರೆಯಾಗಿದ್ದರೆ ಒಳಗಿನ ಲೋಹಕ್ಕೆ ಏನೂ ಆಗಿರುವುದಿಲ್ಲ. ಆದರೆ ಪ್ಲೇಟು ಬಹಳ ಹೊತ್ತು ಜಾರುತ್ತ ಉಜ್ಜಿದಾಗ ಮೇಲ್ಮೈಯ ಕೆಲವು ಜಾಗಗಳು 730 ಡಿಗ್ರಿಯನ್ನೂ ದಾಟುತ್ತವೆ, ಪ್ಲೇಟು ಹಿಡಿದ ಮರುಗಳಿಗೆಯಲ್ಲಿ ಸುತ್ತಲಿನ ತಣ್ಣನೆಯ ಲೋಹ ಆ ಶಾಖವನ್ನು ಹೀರಿಬಿಡುತ್ತದೆ. ಆಗ ಕಮ್ಮಾರನು ಕಾಸಿದ ಕುಡುಗೋಲನ್ನು ನೀರಿಗದ್ದಿದಾಗ ಆಗುವಂತೆಯೇ ಆ ಜಾಗದ ಲೋಹದ ರಚನೆ ಬದಲಾಗಿ ಗಡುಸಾಗುತ್ತದೆ, ಜೊತೆಗೆ ಸ್ವಲ್ಪ ಉಬ್ಬುತ್ತದೆ. ಇಂಥ ಗಡುಸು ಕಲೆಗಳೇ ಮುಂದೆ ಗಾಡಿ ಹೊರಡುವಾಗ ಕ್ಲಚ್ ನಡುಗುವುದಕ್ಕೆ ಕಾರಣವಾಗುತ್ತವೆ.

ಇವನ್ನು ಗುರುತಿಸಲು ದುಬಾರಿ ಉಪಕರಣ ಬೇಡ. ಒಂದು ಒಳ್ಳೆಯ ಅರವನ್ನು ಕಲೆಯ ಮೇಲೆ ಹಗುರವಾಗಿ ಆಡಿಸಿ ನೋಡಿ. ಮೆತ್ತಗಿನ ಬೀಡುಕಬ್ಬಿಣದಲ್ಲಿ ಅರ ಕಚ್ಚಿ ಪುಡಿ ಉದುರುತ್ತದೆ, ಗಡುಸಾದ ಜಾಗದಲ್ಲಿ ಗಾಜಿನ ಮೇಲೆ ಜಾರುವಂತೆ ಜಾರುತ್ತದೆ. ಅರ ಜಾರಿದರೆ ಲೇತಿನ ಟೂಲಿನಿಂದ ಫೇಸಿಂಗ್ ಮಾಡಿಸಬೇಡಿ. ಟೂಲು ಗಡುಸು ಕಲೆಯ ಹತ್ತಿರ ಬಂದಾಗ ಹಿಂದೆ ಸರಿದು ಅದನ್ನು ದಿಬ್ಬವಾಗಿಯೇ ಉಳಿಸುತ್ತದೆ. ಮೇಲ್ಮೈ ಹೊಳೆಯುವುದನ್ನು ಕಂಡು ಕೆಲಸ ಚೆನ್ನಾಗಿದೆಯೆಂದು ನಾವು ನಂಬುತ್ತೇವೆ, ಆದರೆ ದಿಬ್ಬ ಅಲ್ಲಿಯೇ ಇರುತ್ತದೆ. ತಿರುಗುವ ಕಲ್ಲಿನಿಂದ ಉಜ್ಜುವ ಗ್ರೈಂಡಿಂಗ್ ಮಾತ್ರ ಗಡುಸನ್ನೂ ಮೆತ್ತನೆಯದನ್ನೂ ಒಂದೇ ಮಟ್ಟಕ್ಕೆ ತರಬಲ್ಲದು. ನಿಮ್ಮ ಊರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ, ಎಂಜಿನ್ ಹೆಡ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಗಂಗಾವತಿ ಅಥವಾ ಬಳ್ಳಾರಿಯ ವರ್ಕ್‌ಶಾಪುಗಳಲ್ಲಿ ವಿಚಾರಿಸಿ. ಗ್ರೈಂಡಿಂಗ್ ಮಿತಿಯನ್ನು ಮುಟ್ಟಿದ ಮೇಲೂ ಕಲೆಯ ನೆರಳು ಉಳಿದರೆ ಗಡುಸುತನ ಆಳಕ್ಕೆ ಇಳಿದಿದೆಯೆಂದೇ ಅರ್ಥ. ಅಂಥ ಕಲೆ ಸುತ್ತಲಿನ ಲೋಹಕ್ಕಿಂತ ನಿಧಾನವಾಗಿ ಸವೆದು ಕೆಲವೇ ತಿಂಗಳಲ್ಲಿ ಮತ್ತೆ ಮೇಲೇಳುತ್ತದೆಯಾದ್ದರಿಂದ, ಆಗ ಹೊಸ ಫ್ಲೈವೀಲನ್ನೇ ಕೊಳ್ಳಿ.

ಬಿರುಕುಗಳ ವಿಷಯದಲ್ಲಿ ನಾನು ಸಡಿಲ ಬಿಡಲಾರೆ. ಉಜ್ಜುವ ಮೇಲ್ಮೈಯಲ್ಲಷ್ಟೇ ಇರುವ, ಉಗುರಿಗೆ ಸಿಗದ ಕೂದಲೆಳೆಗಳು ಶಾಖದಿಂದ ಬರುವ ಸಾಮಾನ್ಯ ಗುರುತುಗಳು. ಗ್ರೈಂಡಿಂಗ್‌ನಲ್ಲಿ ಅವು ಅಳಿಸಿಹೋಗಬೇಕು. ಹೋಗಿವೆಯೇ ಎಂದು ಕಣ್ಣಿನಿಂದ ನಿರ್ಧರಿಸದೆ, ಕೆಂಪು ಬಣ್ಣದ ದ್ರವ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸುವ ಡೈ ಪರೀಕ್ಷೆ ಮಾಡಿಸಿ. ಉಳಿದ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಬಿರುಕು ಬೋಲ್ಟಿನ ತೂತಿನವರೆಗೆ ಅಥವಾ ಒಳಗಿನ ಇಲ್ಲವೇ ಹೊರಗಿನ ಅಂಚಿನವರೆಗೆ ಹೋಗಿದ್ದರೆ ಗ್ರೈಂಡಿಂಗ್ ಮಾತನ್ನೇ ಎತ್ತಬೇಡಿ. 300 ಮಿ.ಮೀ. ವ್ಯಾಸದ ಫ್ಲೈವೀಲು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 226 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗದಲ್ಲಿ ಒಡೆದ ತುಂಡನ್ನು ತಡೆಯುವ ಬಲ ಗೇರ್ ಬಾಕ್ಸಿನ ಅಲ್ಯೂಮಿನಿಯಂ ಚಿಪ್ಪಿಗೆ ಇಲ್ಲ, ಮತ್ತು ಚಾಲಕನ ಕಾಲು ಇರುವುದು ಅದರ ಪಕ್ಕದಲ್ಲಿಯೇ.

ತೂಕದ ಭಯವನ್ನು ಲೆಕ್ಕ ಹಾಕಿಯೇ ನಿವಾರಿಸಿಕೊಳ್ಳಬಹುದು. ಉಜ್ಜುವ ಮೇಲ್ಮೈಯ ಹೊರ ವ್ಯಾಸ 240 ಮಿ.ಮೀ., ಒಳ ವ್ಯಾಸ 150 ಮಿ.ಮೀ. ಎಂದುಕೊಂಡರೆ, ಅರ್ಧ ಮಿ.ಮೀ. ಫೇಸಿಂಗ್‌ನಲ್ಲಿ ಹೋಗುವ ಕಬ್ಬಿಣ ಸುಮಾರು 100 ಗ್ರಾಂ ಮಾತ್ರ. ಇಂಥ ಗಾಡಿಯ ಫ್ಲೈವೀಲು ಹಲವಾರು ಕಿಲೋ ತೂಗುವುದರಿಂದ ಎಳೆತದಲ್ಲಿ ವ್ಯತ್ಯಾಸ ನಿಮ್ಮ ಅರಿವಿಗೇ ಬರುವುದಿಲ್ಲ. ಆದರೆ ಹೊಸದನ್ನು ಕೊಳ್ಳುವ ಸಂದರ್ಭ ಬಂದರೆ, ಓಟದ ಕಾರುಗಳಿಗೆಂದು ಮಾರುವ ಹಗುರ ಫ್ಲೈವೀಲಿನ ಆಸೆಗೆ ಬೀಳಬೇಡಿ. ಭಾರ ಹೊತ್ತು ಏರಿ ಹತ್ತುವ ಗಾಡಿ ಹೊರಡುವಾಗ ಎಂಜಿನ್ ನಿಂತುಹೋಗದಂತೆ ಕಾಯುವುದು ಫ್ಲೈವೀಲಿನ ತೂಕವೇ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ: ಸೆರಾಮಿಕ್ ಬಟನ್ ಪ್ಲೇಟು ನಿಮ್ಮ ಕೆಲಸಕ್ಕೆ ಒಗ್ಗುವುದಿಲ್ಲವೆಂದು ನನ್ನ ಅಭಿಪ್ರಾಯ. ಅದು ಹೆಚ್ಚಿನ ಶಾಖವನ್ನು ತಡೆಯುತ್ತದೆ, ಬಿಗಿಯಾಗಿ ಹಿಡಿಯುತ್ತದೆ, ಇವೆರಡೂ ನಿಜ. ಆದರೆ ಹಾಫ್ ಕ್ಲಚ್‌ನಲ್ಲಿ ನಿಧಾನವಾಗಿ ಗದ್ದೆಯಿಂದ ಏರಿಗೆ ಹತ್ತುವಾಗ ಅದು ಮೆಲ್ಲಗೆ ಹಿಡಿಯದೆ ಜಗ್ಗಿ ಹಿಡಿಯುತ್ತದೆ, ಫ್ಲೈವೀಲಿನ ಮೇಲ್ಮೈಯನ್ನು ಸಾಮಾನ್ಯ ಪ್ಲೇಟಿಗಿಂತ ಬೇಗ ಸವೆಸುತ್ತದೆ. ಆ ಜಗ್ಗಿನ ಪೆಟ್ಟು ಪ್ರೊಪೆಲ್ಲರ್ ಶಾಫ್ಟಿಗೂ ಡಿಫರೆನ್ಶಿಯಲ್‌ನ ಕ್ರೌನ್ ಪಿನಿಯನ್ನಿಗೂ ಮುಟ್ಟುತ್ತದೆ. ಪ್ರೆಷರ್ ಪ್ಲೇಟಿನ ಒತ್ತಡ ಹೆಚ್ಚಿಸಿ, ಒಳ್ಳೆಯ ಗುಣಮಟ್ಟದ ಸಾಮಾನ್ಯ ಲೈನಿಂಗಿನ ಪ್ಲೇಟನ್ನೇ ಉಳಿಸಿಕೊಂಡರೆ ನಿಮಗೆ ಬೇಕಾದ ಹಿಡಿತ ಸಿಗುತ್ತದೆ. ಪೆಡಲು ಸ್ವಲ್ಪ ಗಟ್ಟಿಯಾಗುವುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಹೆವಿ ಡ್ಯೂಟಿ ಪ್ರೆಷರ್ ಪ್ಲೇಟನ್ನು ಹೊತ್ತ ಕವರಿನ ವ್ಯಾಸ ಹಳೆಯದಕ್ಕಿಂತ ದೊಡ್ಡದಾಗಿದ್ದು ಬೋಲ್ಟಿನ ತೂತುಗಳು ಹೊಂದದಿದ್ದರೆ ಮಾತ್ರ, ಹಳೆಯ ಫ್ಲೈವೀಲು ಎಷ್ಟೇ ಚೆನ್ನಾಗಿದ್ದರೂ ಬೇರೆಯದು ಬೇಕಾಗುತ್ತದೆ. ಕೊಳ್ಳುವ ಮೊದಲೇ ಎರಡನ್ನೂ ಜೋಡಿಸಿ ನೋಡಿ.

ನಮ್ಮ ಭಾಗದ ಬಿಸಿಲೇ ಕ್ಲಚ್ ಸುಡುವುದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಹೊರಗೆ 42 ಡಿಗ್ರಿ ಇದ್ದರೂ 30 ಇದ್ದರೂ ನೂರಾರು ಡಿಗ್ರಿಗೆ ಏರುವ ಫ್ಲೈವೀಲಿಗೆ ಅದು ದೊಡ್ಡ ಅಂತರವಲ್ಲ. ನಿಂತ ಗಾಡಿ ಹೊರಡುವಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಗಾಡಿಯ ಒಟ್ಟು ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಏರಿನಲ್ಲಿ ಎಷ್ಟು ಹೊತ್ತು ಜಾರಿಸುತ್ತೀರೋ ಅಷ್ಟು ಹೊತ್ತಿನ ಶಾಖವೂ ಅದಕ್ಕೆ ಸೇರುತ್ತದೆ. ಆದ್ದರಿಂದ ಎರಡು ಖೇಪಿನ ಚೀಲಗಳನ್ನು ಒಂದೇ ಖೇಪಿನಲ್ಲಿ ಏರಿಸುವ ರೂಢಿ ನಿಮ್ಮಲ್ಲಿದ್ದರೆ, ಯಾವ ಫ್ಲೈವೀಲೂ ಅದನ್ನು ಬಹುಕಾಲ ತಾಳದು.

ಗೇರ್ ಬಾಕ್ಸ್ ಕೆಳಗಿರುವಾಗಲೇ ಪೈಲಟ್ ಬೇರಿಂಗ್ ಮತ್ತು ರಿಲೀಸ್ ಬೇರಿಂಗ್ ಬದಲಿಸಿ. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಒಸರುತ್ತಿದ್ದರೆ ಅದನ್ನೂ ಬದಲಿಸಿ, ಏಕೆಂದರೆ ಹೊಸ ಪ್ಲೇಟಿನ ಮೇಲೆ ಬಿದ್ದ ಎಣ್ಣೆ ಎಲ್ಲ ಖರ್ಚನ್ನೂ ವ್ಯರ್ಥ ಮಾಡುತ್ತದೆ. ಫ್ಲೈವೀಲಿನ ಅಂಚಿನಲ್ಲಿ ಸ್ಟಾರ್ಟರ್ ಕಚ್ಚುವ ರಿಂಗ್ ಗೇರಿನ ಹಲ್ಲುಗಳನ್ನು ಪೂರ್ತಿ ಸುತ್ತು ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಹೆಚ್ಚಾಗಿ ಎದುರುಬದುರಾದ ಎರಡು ಜಾಗಗಳಲ್ಲಿಯೇ ನಿಲ್ಲುವುದರಿಂದ ಸವೆತ ಅಲ್ಲಿ ಮಾತ್ರ ಕಾಣುತ್ತದೆ. ಹಲ್ಲು ಸವೆದಿದೆಯೆಂಬ ಕಾರಣಕ್ಕೆ ಫ್ಲೈವೀಲನ್ನು ಬದಲಿಸಬೇಕಿಲ್ಲ, ರಿಂಗನ್ನು ಕಾಸಿ ಕೂರಿಸುವುದರಿಂದ ಬರೀ ರಿಂಗನ್ನು ಬದಲಿಸಬಹುದು.

ಪ್ರಶ್ನೆ: ಕೆಸರು ಗದ್ದೆಯಲ್ಲಿ ರೋಟಾವೇಟರ್ ಹೊಡೆಯುವ ನಮ್ಮ ಟ್ರ್ಯಾಕ್ಟರಿನ ಕ್ಲಚ್ಚನ್ನು ಈಚೆಗೆ ಬದಲಿಸಿ ಫ್ಲೈವೀಲಿಗೂ ಫೇಸಿಂಗ್ ಮಾಡಿಸಿದೆವು. ಹೊಸ ಪ್ಲೇಟಿದ್ದರೂ ಭಾರ ಬಿದ್ದಾಗ ಜಾರುತ್ತದೆ. ಲೇತಿನವರು ಪ್ಲೇಟಿನ ದೋಷವೆನ್ನುತ್ತಾರೆ.
— ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಪ್ಲೇಟನ್ನು ದೂರುವ ಮೊದಲು ಫ್ಲೈವೀಲಿನ ಮೆಟ್ಟಿಲನ್ನು ಅಳೆಯಿಸಿ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಪ್ಲೇಟು ಉಜ್ಜುವ ಮೇಲ್ಮೈ ಒಳಗೆ ತಗ್ಗಿನಲ್ಲಿದ್ದು, ಕವರನ್ನು ಬೋಲ್ಟ್ ಮಾಡುವ ಹೊರ ಅಂಚು ಎತ್ತರದಲ್ಲಿರುತ್ತದೆ. ಇವೆರಡರ ನಡುವಿನ ಆಳವನ್ನು ಸ್ಪ್ರಿಂಗಿನ ಒತ್ತಡಕ್ಕೆ ಹೊಂದುವಂತೆ ನಿಗದಿ ಮಾಡಿರುತ್ತಾರೆ. ತಗ್ಗಿನ ಮೇಲ್ಮೈಯನ್ನು ಮಾತ್ರ ಕತ್ತರಿಸಿ ಹೊರ ಅಂಚನ್ನು ಹಾಗೆಯೇ ಬಿಟ್ಟರೆ, ಕತ್ತರಿಸಿದಷ್ಟೂ ಪ್ರೆಷರ್ ಪ್ಲೇಟು ಹೆಚ್ಚು ದೂರ ಚಾಚಿಕೊಳ್ಳಬೇಕಾಗುತ್ತದೆ. ಅಂದರೆ ನೀವು ಹಾಕಿದ ಹೊಸ ಪ್ಲೇಟು ಮೊದಲ ದಿನವೇ ಅಷ್ಟು ಸವೆದ ಪ್ಲೇಟಿನಂತೆ ವರ್ತಿಸುತ್ತದೆ. ನೀವು ಬರೆದಿರುವ ಲಕ್ಷಣ ಇದಕ್ಕೆ ಪೂರ್ತಿ ಹೊಂದುತ್ತದೆ.

ಡೆಪ್ತ್ ಗೇಜಿನಿಂದ ಸುತ್ತಲೂ ನಾಲ್ಕೈದು ಕಡೆ ಆಳವನ್ನು ಅಳೆದು ಸರ್ವಿಸ್ ಪುಸ್ತಕದ ಅಂಕಿಯೊಂದಿಗೆ ಹೋಲಿಸಿ. ಹೆಚ್ಚಿದ್ದರೆ, ದಪ್ಪದ ಮಿತಿ ಅನುಮತಿಸುವವರೆಗೆ ಹೊರ ಅಂಚನ್ನೂ ಅಷ್ಟೇ ಕತ್ತರಿಸಿ ಮೆಟ್ಟಿಲನ್ನು ಮೂಲ ಅಳತೆಗೆ ತರಬಹುದು. ಅನುಮತಿಸದಿದ್ದರೆ ಹೊಸ ಫ್ಲೈವೀಲೇ ಗತಿ. ಹೊರ ಅಂಚನ್ನು ಅಗತ್ಯಕ್ಕಿಂತ ಹೆಚ್ಚು ಕತ್ತರಿಸುವುದೂ ತಪ್ಪು, ಆಗ ಕ್ಲಚ್ ಪೂರ್ತಿ ಬಿಡದೆ ಗೇರ್ ಹಾಕುವಾಗ ಕಿರುಚುತ್ತದೆ. ಚಕ್ರಗಳಿಗೊಂದು, ರೋಟಾವೇಟರಿನಂಥ ಉಪಕರಣಕ್ಕೊಂದು ಪ್ಲೇಟಿರುವ ಡಬಲ್ ಕ್ಲಚ್ಚಾಗಿದ್ದರೆ ಜೋಡಿಸುವಾಗ ಕ್ಲಚ್ ಬಿಡಿಸುವ ಬೆರಳುಗಳ (ಲಿವರುಗಳ) ಎತ್ತರವನ್ನು ಹೊಸದಾಗಿ ಹೊಂದಿಸಲೇಬೇಕು, ಏಕೆಂದರೆ ಕತ್ತರಿಸಿದಷ್ಟು ದೂರ ಇಡೀ ಕ್ಲಚ್ ಎಂಜಿನ್ ಕಡೆಗೆ ಸರಿದಿರುತ್ತದೆ.

ಪ್ರಶ್ನೆ: ನನ್ನ ಡೀಸೆಲ್ ಕಾರಿನಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇದೆ. ಅದನ್ನೂ ಫೇಸಿಂಗ್ ಮಾಡಿಸಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಮಾಡಿಸಬೇಡಿ. ಅದು ಎರಡು ತುಂಡುಗಳ ನಡುವೆ ಸ್ಪ್ರಿಂಗುಗಳನ್ನೂ ಗ್ರೀಸನ್ನೂ ಇಟ್ಟು ಮುಚ್ಚಿದ ಜೋಡಣೆ. ಸವೆತ ಮೇಲ್ಮೈಯಲ್ಲಿ ಮಾತ್ರವಲ್ಲದೆ ಒಳಗೂ ಆಗಿರುತ್ತದೆ, ಗ್ರೈಂಡಿಂಗ್‌ನ ಶಾಖ ಒಳಗಿನ ಗ್ರೀಸನ್ನು ಕೆಡಿಸಬಹುದು. ಕೈಯಿಂದ ತಿರುಗಿಸಿದಾಗ ಸಿಗುವ ಆಟ ಮತ್ತು ಅಂಚನ್ನು ಹಿಂದೆಮುಂದೆ ಒತ್ತಿದಾಗ ಕಾಣುವ ಅಲುಗಾಟ ಇವೆರಡನ್ನೂ ತಯಾರಕರ ಮಿತಿಯೊಂದಿಗೆ ಹೋಲಿಸಿ, ಮೀರಿದ್ದರೆ ಬದಲಿಸಿ. ಅದರ ಬದಲು ಒಂದೇ ತುಂಡಿನ ಫ್ಲೈವೀಲ್ ಹಾಕುವ ಕಿಟ್‌ಗಳು ಅಗ್ಗವಾಗಿ ಸಿಗುತ್ತವೆ, ಆದರೆ ಎಂಜಿನ್ನಿನ ನಡುಕವನ್ನು ನುಂಗುತ್ತಿದ್ದ ಸ್ಪ್ರಿಂಗುಗಳು ಹೋದ ಮೇಲೆ ನ್ಯೂಟ್ರಲ್‌ನಲ್ಲಿ ಗೇರ್ ಬಾಕ್ಸ್ ಗಡಗಡಿಸುವುದು ಸಾಮಾನ್ಯ. ಯಾವುದನ್ನು ಹಾಕಿದರೂ ಕ್ರ್ಯಾಂಕಿಗೆ ಬಿಗಿಯುವ ಬೋಲ್ಟುಗಳನ್ನು ಮರುಬಳಕೆ ಮಾಡಬಾರದೆಂದು ಪುಸ್ತಕದಲ್ಲಿದ್ದರೆ ಹೊಸವನ್ನೇ ತಂದು, ಟಾರ್ಕ್ ರೆಂಚಿನಿಂದ ಹೇಳಿದ ಕ್ರಮದಲ್ಲಿಯೇ ಬಿಗಿಯಲು ಮೆಕ್ಯಾನಿಕ್‌ಗೆ ತಿಳಿಸಿ.